ದೊರೆಸಾನಿಯ ಫ್ರಾಕಿಗೆ ಹೊನ್ನಿಯ ತೇಪೆ

ಎರಡು ಮಹಾಯುದ್ಧಗಳ ನಡುವಿನ ಕಾಲದ ಮಾತು. ಕರಾವಳಿಯ ಒಂದು ಊರಿನಲ್ಲಿದ್ದ ಬಿಳಿಯ ದೊರೆಗಳಿಗೂ ದೊರೆಸಾನಿಯರಿಗೂ ಆಗ ಕಡಲಿನ ಹುಚ್ಚು ಹಿಡಿದಿತ್ತು. ಸಂಜೆಯಾದರೆ ಸಾಕು, ಮರಳಿನ ಮೇಲೆ ಬಣ್ಣದ ಕೊಡೆ, ಚಹಾ, ಚೆಂಡಾಟ. ಒಬ್ಬ ಮುದುಕಿ ದೊರೆಸಾನಿಯಂತೂ ದಿನವಿಡೀ ದಂಡೆಯಲ್ಲೇ ಕೂತು ಚಿತ್ರ ಬರೆಯುತ್ತಿದ್ದಳು.

ಆ ಊರಿನ ದರ್ಜಿ ಇನಾಸನಿಗೆ ಮಾತ್ರ ಕೆಟ್ಟ ಕಾಲ. ಬೊಂಬಾಯಿಯಿಂದ ಸಿದ್ಧ ಉಡುಪು ಬರತೊಡಗಿದ ಮೇಲೆ ಅವನು ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದ. ಅಂಥ ಹೊತ್ತಿನಲ್ಲಿ ಬಂಗಲೆಯ ದೊರೆಸಾನಿ ಬಂದು ಹೇಳಿದಳು: "ಭಾನುವಾರ ದಂಡೆಯಲ್ಲಿ ನಮ್ಮ ಕೂಟವಿದೆ. ಕಾಲಿಗೆ ತೊಡರದ, ಯಾರೂ ನೋಡಿರದ ಉಡುಪು ಬೇಕು. ನಿನ್ನಿಂದ ಆಗದಿದ್ದರೆ ಇನ್ನು ಮುಂದೆ ನನಗೆ ಎಲ್ಲವೂ ಬೊಂಬಾಯಿಯದೇ."

ಇನಾಸ ಮೂರು ದಿನ ತಲೆ ಕೆರೆದುಕೊಂಡ. ನಾಲ್ಕನೆಯ ದಿನ, ಚಿತ್ರ ಬರೆಯುವ ಮುದುಕಿ ಒಣಗಲೆಂದು ಅವನ ಜಗಲಿಯಲ್ಲಿಟ್ಟು ಹೋಗಿದ್ದ ಪಟ ಕಣ್ಣಿಗೆ ಬಿತ್ತು. ಬೆನ್ನು ತಿರುಗಿಸಿ ಬಲೆ ಎಳೆಯುತ್ತಿರುವ ಹೆಂಗಸು. ನೀಲಿ ಚೌಕುಳಿ ಸೀರೆ, ಕೆಂಪು ದಡಿ, ಮೊಣಕಾಲಿಗೆ ಎತ್ತಿ ಕಟ್ಟಿದ ನೆರಿಗೆ, ಸೀರೆಯ ಒಂದು ಪಕ್ಕದಲ್ಲಿ ಹಳದಿ ಮುಕ್ಕೋಣ. "ಆಹಾ!" ಎಂದು ಇನಾಸ ಕತ್ತರಿ ಹಿಡಿದ. ಪುಣ್ಯಾತ್ಮ, ಮುಕ್ಕೋಣವನ್ನೂ ಬಿಡಲಿಲ್ಲ.

ಶನಿವಾರ ಮೀನು ಮಾರಲು ಬಂದ ಬೆಸ್ತರ ಹೊನ್ನಿ ಆ ಫ್ರಾಕು ಕಂಡು, ಬುಟ್ಟಿ ಕೆಳಗಿಟ್ಟು ನಕ್ಕಳು.

"ಇದೆಂತ ಇನಾಸಣ್ಣ, ನನ್ನ ಸೀರೆ ಯಾರಿಗೆ ಹೊಲಿದದ್ದು? ಗಾಳ ಸಿಕ್ಕಿ ಹರಿದಲ್ಲಿ ನಾನು ಹಾಕಿದ ತೇಪೆಯನ್ನೂ ಬಿಡಲಿಲ್ವಲ್ಲ ಮಾರಾಯಾ!"

ಆ ಮುಕ್ಕೋಣ ತೇಪೆಯೆಂದು ಇನಾಸನಿಗೆ ತಿಳಿದದ್ದೇ ಆಗ. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ.

ಭಾನುವಾರ ಕೂಟದಲ್ಲಿ ಎಲ್ಲರ ಕಣ್ಣೂ ಆ ಫ್ರಾಕಿನ ಮೇಲೆಯೇ. ಐದು ಜನ ದೊರೆಸಾನಿಯರು ಇನಾಸನನ್ನು ಅಲ್ಲಿಗೇ ಕರೆಸಿ, ತಮಗೂ ಅಂಥದ್ದೇ ಬೇಕೆಂದರು. ಹಳದಿ ಮುಕ್ಕೋಣ ಮಾತ್ರ ಮರೆಯಬೇಡ ಎಂದರು!

"ಇದು ಯಾರ ಕಲ್ಪನೆ?" ಎಂದು ಬಂಗಲೆಯ ದೊರೆಸಾನಿ ಕೇಳಿದಳು.

'ನನ್ನದೇ' ಎಂಬ ಮಾತು ಇನಾಸನ ನಾಲಿಗೆಯ ತುದಿಗೆ ಬಂದಿತ್ತು. ನಿಜ ಹೇಳಿದರೆ ಸಿಕ್ಕ ಕೆಲಸವೂ ಹೋದೀತು. ಮೀನು ಮಾರುವವಳ ತೇಪೆಯನ್ನು ಯಾವ ದೊರೆಸಾನಿ ತೊಟ್ಟಾಳು? ಆದರೆ ಅಲ್ಲೇ ದೂರದಲ್ಲಿ ಹೊನ್ನಿ ಬಲೆ ಎಳೆಯುತ್ತಿದ್ದಳು. ಅದೇ ಸೀರೆ, ಅದೇ ತೇಪೆ. ಅವಳನ್ನು ಕಣ್ಣೆದುರಿಗೇ ಇಟ್ಟುಕೊಂಡು ಸುಳ್ಳಾಡಲು ಅವನಿಂದಾಗಲಿಲ್ಲ.

"ಅಗೋ, ಅವಳದು ಅಮ್ಮಾವರೇ. ಹೊನ್ನಿ ಅಂತ. ಆ ಮುಕ್ಕೋಣ ಅವಳ ಹರಿದ ಸೀರೆಯ ತೇಪೆ."

ಆಗ ಚಿತ್ರ ಬರೆಯುವ ಮುದುಕಿ ಎದ್ದು ನಿಂತಳು. "ಅವಳಿಲ್ಲದಿದ್ದರೆ ನನ್ನ ಪಟವೂ ಇಲ್ಲ. ನಾನು ಅವಳ ಹೆಸರನ್ನೇ ಕೇಳಿರಲಿಲ್ಲ," ಎಂದಳು. ಬಂಗಲೆಯ ದೊರೆಸಾನಿ ತನ್ನ ತೇಪೆಯನ್ನೊಮ್ಮೆ ಸವರಿ ನಕ್ಕುಬಿಟ್ಟಳು. ಐವರಲ್ಲಿ ಇಬ್ಬರು ಮೂಗು ಮುರಿದು ಹೋದರು. ಮೂವರು ಉಳಿದರು, ಇನಾಸನ ಅಂಗಡಿಗೆ ಅಷ್ಟೇ ಧಾರಾಳವಾಯಿತು. ಆ ವರ್ಷ ಊರಿಡೀ ಅದಕ್ಕೆ 'ಹೊನ್ನಿ ಫ್ರಾಕು' ಎಂದೇ ಹೆಸರು.

ಮರುದಿನ ಇನಾಸ ಕೆಂಪು ದಡಿಯ ಹೊಸ ಸೀರೆ ಹಿಡಿದು ಹೊನ್ನಿಯ ಮನೆಗೆ ಹೋದ. "ನನ್ನ ಮನೆಯ ಒಲೆ ಉರಿಯುತ್ತಿರುವುದು ನಿನ್ನಿಂದ ತಂಗೀ," ಎನ್ನುವಾಗ ಅವನ ಕಣ್ಣು ತುಂಬಿ ಬಂದಿತ್ತು.

ಹೊನ್ನಿ ಕಣ್ಣೊರೆಸಿಕೊಂಡು ಸೀರೆ ಬಿಡಿಸಿದಳು. ಆಚೆ ಈಚೆ ತಿರುಗಿಸಿ ನೋಡಿದಳು.

"ಎಲ್ಲ ಸರಿ ಇನಾಸಣ್ಣ. ತೇಪೆ ಎಲ್ಲಿ?"

ನೀತಿ: ನಮ್ಮ ಕೈಯಲ್ಲಿ ಚೆಂದವಾಗಿ ಅರಳಿದ್ದರ ಹಿಂದೆ ಇನ್ನೊಬ್ಬರ ಬದುಕು ಇರುತ್ತದೆ. ಹೊಗಳಿಕೆ ಬಂದಾಗ ಅವರ ಹೆಸರನ್ನು ಮೊದಲು ಹೇಳಬೇಕು.