ಕೆಂಡದ ಸರದಿ

“ಕೇಳಿರಪ್ಪೋ ಕೇಳಿ! ನೀರಗಡಿಯ ದೊರೆ ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ತಲೆದಂಡ!”

ಡಂಗುರದವನು ಹೊಳೆಯ ಒಡ್ಡಿನ ಕೆಳಗಿನ ಕೇರಿಗೂ ಬಂದು ಕೂಗಿ ಹೋದ. ಅಲ್ಲಿದ್ದವರೆಲ್ಲ ಒಡ್ಡು ಕಟ್ಟಲು ಮೂಡಣ ಸೀಮೆಯಿಂದ ಬಂದ ಮಣ್ಣು ಕೆಲಸದವರು, ಅವರ ಮಾತೇ ಬೇರೆ. ಅರ್ಥವಾದದ್ದು ಸುಂಕುಲಿ ಎಂಬ ಹುಡುಗಿಗೆ ಮಾತ್ರ. ‘ಬೇಡಿದ್ದು ಸಿಗುತ್ತದೆ’ ಎಂದದ್ದೇ ತಡ, ಮಣ್ಣಿನ ಬುಟ್ಟಿ ಹೊತ್ತವಳು ಅಲ್ಲೇ ನಿಂತಳು.

ಅವಳಿಗೆ ಬೇಕಾಗಿದ್ದುದು ಒಂದೇ, ಅವ್ವನ ಮುಖ. ಒಡ್ಡು ಮುಗಿಯುವ ತನಕ ಕೆಲಸದವರು ಗಡಿಬಾಗಿಲು ದಾಟುವಂತಿಲ್ಲ ಎಂಬುದು ಅರಮನೆಯ ಕಟ್ಟಳೆ. ಅವ್ವನನ್ನು ಊರಲ್ಲಿ ಬಿಟ್ಟು ಬಂದು ಏಳು ವರ್ಷವಾಗಿತ್ತು. ಅವ್ವನ ದನಿ ಮರೆತೇ ಹೋಗುತ್ತಿದೆ ಎಂದು ದಿಗಿಲಾದಾಗ, ಅವ್ವ ಕರೆಯುತ್ತಿದ್ದ ಹಾಗೆ ಸುಂಕುಲಿ ತನ್ನ ಹೆಸರನ್ನು ತಾನೇ ಮೆಲ್ಲಗೆ ಕರೆದುಕೊಳ್ಳುತ್ತಿದ್ದಳು.

ದೊರೆಯ ಸಂಕಟವೂ ಸಣ್ಣದಲ್ಲ. ಹಿಂದಿನ ವರ್ಷ ಹೊಳೆ ಉಕ್ಕಿ ಅವನ ಒಬ್ಬನೇ ಮಗನನ್ನು ಒಯ್ದಿತ್ತು. ಕೇರಿಯವರಲ್ಲಿ ಒಬ್ಬರೂ ಸತ್ತಿರಲಿಲ್ಲ. ಏಕೆಂದು ವಿಚಾರಿಸಿ ಬರಲು ಪಂಡಿತರನ್ನು ಕಳಿಸಿದ. ಮಹಾಶಯರು ತಮ್ಮ ಭಾಷೆಯಲ್ಲೇ ಪ್ರಶ್ನೆ ಕೇಳಿ, ‘ಇವರು ಬರೀ ನಗುತ್ತಾರೆ’ ಎಂದು ಹತ್ತು ಕಟ್ಟು ಓಲೆ ಬರೆದುಕೊಂಡು ಬಂದರು! ಕಡೆಗೆ ದೊರೆ ಒಗಟಿಗೆ ಇಳಿದ.

ತುಂಬಿದ ಸಭೆಯಲ್ಲಿ ದೊರೆ ಮೊದಲನೆಯದನ್ನು ಕೇಳಿದ. “ಹೊಳೆ ಬಂದ ಸಂಜೆ ಡಂಗುರ ಹೊಡೆಸಿದೆ. ಕಲ್ಲಿಲ್ಲದ, ಮಣ್ಣಿಲ್ಲದ ಗೋಡೆಯೊಂದು ಅದನ್ನು ತಡೆಯಿತು. ಯಾವುದದು?”

“ಗಾಳಿ, ಪ್ರಭು!” ಎಂದು ದಳವಾಯಿಯ ಮಗ ಮೀಸೆ ತಿರುವಿದ. ಅವನನ್ನು ಸೆರೆಮನೆಗೆ ಎಳೆದೊಯ್ದರು.

ಜನರ ನಡುವಿನಿಂದ ಸುಂಕುಲಿ ಮುಂದೆ ಬಂದಳು. “ಭಾಷೆ, ದೊರೆ. ಡಂಗುರ ನಮ್ಮ ಕಿವಿಗೆ ಬಿತ್ತು, ಮಾತು ತಿಳೀಲಿಲ್ಲ. ಮದುವೆ ದಿಬ್ಬಣ ಅಂದ್ಕೊಂಡ್ವಿ. ಆಮೇಲೆ ಭಯಕ್ಕೇ ನಾನು ನಿಮ್ಮ ಮಾತು ಕಲಿತೆ.”

ದೊರೆ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದ. “ಹೇಗೆ ಉಳಿದಿರಿ ಎಂದು ಆಮೇಲೆ ನನ್ನ ಆಳೊಬ್ಬ ಸನ್ನೆ ಮಾಡಿ ಕೇಳಿದ್ದಕ್ಕೆ ನಿಮ್ಮ ಕೇರಿಯ ಮುದುಕಿ ಕೈಸನ್ನೆಯಲ್ಲೇ ಹೇಳಿದಳಂತೆ. ಕೊಟ್ಟರೆ ಕಡಿಮೆಯಾಗದು, ಕೇಳಲು ಯಾರೂ ಬಾರದಿದ್ದರೆ ಕೊಡುವವರಿಗೇ ಭಯ. ಏನದು?”

“ವಿದ್ಯೆ!” ಎಂದು ಆಸ್ಥಾನ ಪಂಡಿತರು ಎದ್ದೇಬಿಟ್ಟರು.

“ಶಿಷ್ಯ ಬಾರದಿದ್ದರೆ ನಿಮಗೆ ಭಯವೋ?” ಎಂದ ದೊರೆ. ಪಂಡಿತರೂ ಸೆರೆಮನೆ ಸೇರಿದರು.

“ಕೆಂಡ, ದೊರೆ,” ಎಂದಳು ಸುಂಕುಲಿ. “ನಮ್ಮಲ್ಲಿ ಯಾರೂ ತಮ್ಮ ಒಲೆ ತಾವೇ ಹೊತ್ತಿಸಲ್ಲ. ಸಂಜೆ ಎಡಮನೆಯಿಂದ ಕೆಂಡ ತರಬೇಕು, ಬಲಮನೆಗೆ ಕೊಡಬೇಕು. ಬಲಮನೆಯವರು ಬರಲಿಲ್ಲ ಅಂದ್ರೆ ಹೋಗಿ ಬಾಗಿಲು ತಟ್ಟಬೇಕು. ಅವತ್ತು ಕಡೇಮನೆ ಮುದುಕಿ ಬರಲಿಲ್ಲ. ಹೋಗಿ ನೋಡಿದ್ರೆ ಹೊಸ್ತಿಲಿಗೆ ನೀರು! ಮನೆಯಿಂದ ಮನೆಗೆ ಕೂಗಿ ಎಲ್ಲರೂ ಒಡ್ಡು ಹತ್ತಿದ್ವಿ.”

ದೊರೆಯ ದನಿ ಕುಗ್ಗಿತು. “ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ನನ್ನ ಮಗ ಹೊಳೆದಂಡೆಯ ಮಹಲಿನಲ್ಲಿ ಜ್ವರದಿಂದ ಮಲಗಿದ್ದ. ಡಂಗುರ ಅವನದೇ ಭಾಷೆಯಲ್ಲಿತ್ತು, ಸುತ್ತ ನೂರು ಆಳಿದ್ದರು. ಅವನೇಕೆ ಮುಳುಗಿದ?”

ಉತ್ತರ ಸುಂಕುಲಿಗೆ ಗೊತ್ತಿತ್ತು. ಅದನ್ನು ಹೇಳಿದರೂ ತಲೆ ಹೋಗಬಹುದೆಂಬುದೂ ಗೊತ್ತಿತ್ತು. ಅವ್ವನನ್ನು ನೆನೆದು ಬಾಯಿ ತೆರೆದಳು.

“ಇನ್ನೊಬ್ಬ ಎಬ್ಬಿಸಿರ್ತಾನೆ ಅಂತ ನೂರು ಜನವೂ ಓಡಿದ್ರು, ದೊರೆ. ನಿಮ್ಮ ಮಗನ ಬಾಗಿಲು ತಟ್ಟೋ ಸರದಿ ಯಾರದೂ ಆಗಿರಲಿಲ್ಲ.”

ದೊರೆ ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡ.

“ನಾನೂ ಹಾಗೇ ಅಂದುಕೊಂಡಿದ್ದೆ, ತಾಯಿ. ಯಾರಾದರೂ ಎಬ್ಬಿಸಿರುತ್ತಾರೆ ಎಂದು,” ಎಂದವನು ಎಲ್ಲರೆದುರೇ ಅತ್ತುಬಿಟ್ಟ.

ಅವಳು ಬೇಡಿದಂತೆ ಕೇರಿಯವರೆಲ್ಲರಿಗೂ ಗಡಿಬಾಗಿಲು ತೆರೆಯಿತು. ಸೆರೆಯಲ್ಲಿದ್ದವರ ತಲೆಯೂ ಉಳಿಯಿತು. ಅಂದಿನಿಂದ ನೀರಗಡಿಯ ಡಂಗುರ ಎರಡು ಭಾಷೆಯಲ್ಲಿ ಕೂಗತೊಡಗಿತು. ಸಂಜೆ ಅರಮನೆಯ ಪಕ್ಕದ ಕುದುರೆ ಲಾಯದವನ ಮನೆಯಿಂದ ಕೆಂಡ ತರಲು ದೊರೆಯೇ ಹೋಗುತ್ತಿದ್ದ.

ಹನ್ನೆರಡು ದಿನ ನಡೆದು ಸುಂಕುಲಿ ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ಅವ್ವನ ಕಣ್ಣು ಮಂಜಾಗಿತ್ತು. ಹೊಸ್ತಿಲ ಮೇಲೆ ಹೆಂಚಿನ ಚೂರಿನಲ್ಲಿ ನಾಲ್ಕು ಕೆಂಡ ಬೂದಿ ಹಿಡಿಯುತ್ತಿದ್ದವು.

“ಯಾರಿಗೆ ಇದು?” ಎಂದು ಸುಂಕುಲಿ ತನ್ನ ಸೀಮೆಯ ಮಾತಿನಲ್ಲಿ ಕೇಳಿದಳು.

“ನನ್ನ ಮಗಳ ಪಾಲಿಂದು, ತಾಯಿ,” ಎಂದಳು ಅವ್ವ, ಗುರುತು ಸಿಗದೆ. “ದಿನಾ ಇಡ್ತೀನಿ. ಏಳು ವರ್ಷವಾಯ್ತು, ಕೇಳೋಕೆ ಬಂದಿಲ್ಲ.”

ಸುಂಕುಲಿ ಹೊಸ್ತಿಲಲ್ಲಿ ಕುಸಿದು ಕೂತು ಅವ್ವನ ಕೈ ಹಿಡಿದಳು.

“ಬಂದಿದ್ದೀನಿ, ಕೊಡವ್ವಾ.”