ಬೆರಕೆಯ ಎಳೆ

"ಗುರುಗಳೇ, ಬೆರಕೆಯಿರುವ ಮನಸ್ಸು ಭಾರ ತಡೆದೀತೆ?" ಎಂದು ಸಂಕಪ್ಪ ಕೇಳಿದ.

ಮಠಕ್ಕೆ ಬರುವ ಮುಂಚೆ ಸಂಕಪ್ಪ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಸುಳ್ಳು ಹೇಳಿಯೇ ಹೊಟ್ಟೆ ಹೊರೆದಿದ್ದ. ನಾಳೆ ಅವನಿಗೆ ದೀಕ್ಷೆ. ಆದರೆ ದಿನವೂ ಬೆಳಗ್ಗೆ ಎದ್ದು, ಹಳೆಯ ಸುಳ್ಳು ಇನ್ನೂ ಒಳಗಿದೆಯೇ ಎಂದು ತನ್ನನ್ನು ತಾನೇ ಕೆದಕಿ ನೋಡುವುದು ಅವನ ಅಭ್ಯಾಸ. ನೋಡಿದಾಗಲೆಲ್ಲ ಸಿಗುತ್ತಿತ್ತು. ದೀಕ್ಷೆ ಬೇಡವೆಂದು ಹೇಳಿ ಹೊರಟುಬಿಡಲು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟನ್ನು ನೋಡಿಯೂ ನೋಡದವರಂತೆ ಕತೆ ಶುರು ಮಾಡಿದರು.

ಒಬ್ಬ ಕಸುಬುದಾರನಿದ್ದ. ಬಿಳಿ ಪುಡಿಯನ್ನು ಉರಿಯಲ್ಲಿ ಕರಗಿಸಿ, ಕೂದಲಿನಷ್ಟು ತೆಳ್ಳಗಿನ ಹರಳಿನ ಎಳೆ ತೆಗೆಯುವುದು ಅವನ ಕೆಲಸ. ಕಬ್ಬಿಣ ಕರಗುವ ಕಾವಿನಲ್ಲೂ ಆ ಎಳೆ ಕರಗದು. ಆದರೆ ಅಂಥ ಕಾವಿನಲ್ಲಿ ಭಾರ ತೂಗಿಬಿಟ್ಟರೆ ಮೆಲ್ಲಗೆ ಜಗ್ಗುತ್ತಿತ್ತು. ಅವನ ಒಬ್ಬನೇ ಗಿರಾಕಿ, ಒಬ್ಬ ಕುಲುಮೆಯ ಒಡೆಯ, "ಜಗ್ಗದ ಎಳೆ ಮಾಡಿಕೊಡು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ" ಎಂದ.

ಕಸುಬುದಾರ ಪುಡಿಗೆ ಬೇರೊಂದು ಲೋಹದ ಬೂದಿಯನ್ನು ಒಂದು ಚಿಟಿಕೆ ಬೆರೆಸಿದ. ಎಳೆ ಕೆಂಪಗೆ ಬಂತು. ಅದು ಜಗ್ಗುವ ಮಾತೇ ಇರಲಿಲ್ಲ. ಕಾವಿಗೆ ಒಡ್ಡುವ ಮೊದಲೇ, ತೂಕ ಕಟ್ಟಿದೊಡನೆ ಪಟ್ಟೆಂದು ಮುರಿಯಿತು. ಇನ್ನೊಂದು ತೆಗೆದ, ಅದೂ ಮುರಿಯಿತು. ಬೆರಕೆಯಿಲ್ಲದ ಹಳೆಯ ಬಿಳಿ ಎಳೆ ಮಾತ್ರ ಅದೇ ತೂಕ ಹೊತ್ತು ಪಕ್ಕದಲ್ಲಿ ಹಾಯಾಗಿ ನೇತಾಡುತ್ತಿತ್ತು.

"ಬೆರಕೆ ಮಾಲು ಮುರಿಯದೆ ಇನ್ನೇನು? ಒಲೆ ಆರಿಸಿ ಮನೆಗೆ ಹೋಗು" ಎಂದ ಒಡೆಯ.

ಕಸುಬುದಾರ ಒಲೆ ಆರಿಸಲಿಲ್ಲ. ಮುರಿದ ತುದಿಯನ್ನು ಭೂತಗನ್ನಡಿ ಹಿಡಿದು ನೋಡಿದ. ಒಳಗೆಲ್ಲ ಕೆಂಪು ಒಂದೇ ಸಮನಾಗಿತ್ತು, ಹುಳುಕಿಲ್ಲ. ಬಿರುಕು ಹುಟ್ಟಿದ್ದು ಹೊರ ಅಂಚಿನಲ್ಲಿ, ಸಣ್ಣದೊಂದು ಗೀರಿನಿಂದ. ಇನ್ನೊಂದು ತುಂಡಿನಲ್ಲೂ ಗೀರು. ಎಲ್ಲಿಂದ ಬಂತಪ್ಪಾ ಇದು ಎಂದು ತಲೆ ಕೆರೆದುಕೊಳ್ಳಲು ಹೋದವನಿಗೆ ತನ್ನ ಉಗುರೇ ಕಣ್ಣಿಗೆ ಬಿತ್ತು. ಉಗುರ ಸಂದಿಯಲ್ಲಿ ಅದೇ ಬಿಳಿ ಪುಡಿ, ಹರಳನ್ನೂ ಗೀರುವಷ್ಟು ಗಡುಸು. ಬಿಳಿ ಎಳೆಯ ಮೇಲೆ ಅವನಿಗೆ ನಂಬಿಕೆಯಿತ್ತು. ತೆಗೆದದ್ದನ್ನು ಹಾಗೇ ಕೊಕ್ಕೆಗೆ ಹಾಕುತ್ತಿದ್ದ. ಕೆಂಪಿನ ಮೇಲೆ ಅನುಮಾನ. ದೋಷವಿದೆಯೇನೋ ಎಂದು ಉದ್ದಕ್ಕೂ ಉಗುರಾಡಿಸಿ ನೋಡಿಯೇ ಹಾಕುತ್ತಿದ್ದ.

ಹೊಸದೊಂದು ಕೆಂಪು ಎಳೆ ತೆಗೆದ. ಕೈ ತುರಿಸುತ್ತಿತ್ತು, ಆದರೂ ತುದಿ ಬಿಟ್ಟು ಎಲ್ಲೂ ಮುಟ್ಟಲಿಲ್ಲ. ಕುಲುಮೆಯ ಕಾವಿನಲ್ಲಿ ತೂಕ ಇಳಿಬಿಟ್ಟ. ಒಡೆಯ ನಂಬದೆ ತೂಕ ಏರಿಸಿದ, ಮತ್ತೂ ಏರಿಸಿದ. ಎಳೆ ಮುರಿಯಲೂ ಇಲ್ಲ, ಜಗ್ಗಲೂ ಇಲ್ಲ. "ಅಬ್ಬಾ!" ಎಂದು ಕಸುಬುದಾರ ನೆಲಕ್ಕೆ ಕೂತು ನಕ್ಕುಬಿಟ್ಟ.

ಕತೆ ಕೇಳಿ ಸಂಕಪ್ಪನಿಗೂ ಉಸಿರು ಬಂದಂತಾಯಿತು. ಗಂಟನ್ನು ಹಿಂದಕ್ಕೆ ಸರಿಸಿದ. ಆದರೆ ಅಭ್ಯಾಸ ಎಲ್ಲಿ ಹೋದೀತು?

"ನನ್ನಲ್ಲಿ ಅಂಥ ಗೀರು ಎಷ್ಟಿವೆಯೋ ಗುರುಗಳೇ. ನಾಳೆ ಬೆಳಗ್ಗೆ ಒಂದು ಸಲ ನೋಡಿಕೊಂಡುಬಿಡಲೇ?"

ಗುರುಗಳು ಹೇಳಿದರು: "ನಾಳೆ ಬೆಳಗ್ಗೆ ಉಗುರು ಕತ್ತರಿಸಿಕೊಂಡು ದೀಕ್ಷೆಗೆ ಬಾ."