ಸಾಸಿವೆಯಷ್ಟು ಕಂಡಿ

"ಕೇಳಿರಪ್ಪಾ ಕೇಳಿರಿ! ತೀರಿಹೋದ ಯುವರಾಜ ಚಂದ್ರಪಾಲರ ಕೆಂಪು ಕಾರಿಗೆ ಕಾಯಿಲೆ ಹಿಡಿದಿದೆ. ದೊರೆ ಸೋಮಭೂಪರು ಕೇಳುವ ಮೂರು ಒಗಟು ಬಿಡಿಸಿ ಕಾಯಿಲೆ ಕಳೆದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ಗಲ್ಲು!"

ಹೊನ್ನಕೆರೆಯಲ್ಲಿ ಈ ಡಂಗುರ ಸಾರಿದ್ದು ಇದು ನಾಲ್ಕನೆಯ ಸಲ. ಸೈಕಲ್ ಪಂಕ್ಚರ್ ಹಾಕುತ್ತ ಕೂತಿದ್ದ ನಾಗೋಜಿ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. ಮೂರನೆಯ ಡಂಗುರದಲ್ಲಿ ಹೋದವನು ಅವನಪ್ಪ ಮಾನಾಚಾರಿ, ಆ ಕಾರನ್ನು ಯುವರಾಜನಿಗಾಗಿ ಕೈಯಾರೆ ಕಟ್ಟಿದ ಮೇಸ್ತ್ರಿ. ದೊರೆಯೇ ಹೇಳಿಕಳಿಸಿದ್ದರಿಂದ ಹೋಗದೆ ಇರುವ ಹಾಗಿರಲಿಲ್ಲ. ಎರಡು ಒಗಟು ಬಿಡಿಸಿದನಂತೆ, ಮೂರನೆಯದಕ್ಕೆ ಬಾಯಿಯೇ ಬಿಡಲಿಲ್ಲವಂತೆ. ಮರುದಿನ ಗಲ್ಲಿಗೆ ಹಾಕಿದರು. ತಾನು ಕಟ್ಟಿದ ಇಂಜಿನ್ನೇ ತಿಳಿಯದ ಮೇಸ್ತ್ರಿ ಎಂದು ಊರು ಆಡಿಕೊಂಡಿತು. ಊರಿನ ಬಾಯಿಗೆ ಏನು, ಹೆಣದ ಮೇಲೂ ಆಡುತ್ತದೆ. ನಾಗೋಜಿಯ ತಾಯಿ ಗಿರಿಯವ್ವ ಅಂದಿನಿಂದ ಯಾರೊಡನೆಯೂ ಮಾತಾಡಲಿಲ್ಲ.

ಅಪ್ಪನ ಹೆಸರು ಹೀಗೆ ಮಣ್ಣುಪಾಲಾಗುವುದನ್ನು ನಾಗೋಜಿ ತಾಳಲಾರದಾದ. ಗೋಡೆಯ ಗೂಟದಲ್ಲಿ ಅಪ್ಪನ ಸ್ಕ್ರೂಡ್ರೈವರ್ ನೇತಾಡುತ್ತಿತ್ತು. ಅಷ್ಟು ದೊಡ್ಡ ಕೆಲಸಕ್ಕೆ ಹೋಗುವಾಗ ಅಪ್ಪ ಇದನ್ನು ಯಾಕೆ ಮರೆತನೋ ಎಂದುಕೊಂಡು ಜೇಬಿಗೆ ಹಾಕಿಕೊಂಡ. ತಾಯಿ ನೋಡಿದಳು, ತಡೆಯಲಿಲ್ಲ.

ಅರಮನೆಯಂಗಳದಲ್ಲಿ ಕಾರು ಗುರುಗುಡುತ್ತ ನಿಂತಿತ್ತು. ದೊರೆಯ ಕತೆಯನ್ನೂ ಹೇಳಬೇಕಲ್ಲ. ಒಬ್ಬನೇ ಮಗ, ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಅಂದಿನಿಂದ ಬೆಳಗಾದರೆ ಆ ಕಾರನ್ನು ಚಾಲೂ ಮಾಡಿ ಹೊತ್ತು ಮುಳುಗುವವರೆಗೆ ನಿಲ್ಲಿಸಬಾರದು ಎಂದು ಕಟ್ಟಾಜ್ಞೆ. ದೊರೆ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ಕೂರುತ್ತಿದ್ದ, ಮಲಗಿದ ಮಗುವಿನ ಎದೆ ಮುಟ್ಟಿ ನೋಡುವವರ ಹಾಗೆ. ಮಗ ತೀರಿದ ವರ್ಷದ ದಿನ ಅದರಲ್ಲೇ ಕೂತು, ಹೆಜ್ಜೆಯ ವೇಗದಲ್ಲಿ, ಕೆರೆಯಾಚೆಯ ಸಮಾಧಿಗೆ ಹೋಗಬೇಕೆಂದು ಅವನ ಆಸೆ. ಕಾರು ಮಾತ್ರ ಮೆಲ್ಲಗೆ ಹೊರಡಲು ಒಲ್ಲೆನೆನ್ನುತ್ತಿತ್ತು. ದುಃಖ ದೊಡ್ಡದೇ, ಇಲ್ಲವೆನ್ನುವುದಿಲ್ಲ. ಅದಕ್ಕೆ ಕಂಡವರ ಕುತ್ತಿಗೆ ಯಾಕೆ ಬೇಕಿತ್ತೋ!

ದೊರೆ ತಲೆಯೆತ್ತದೆ ಮೊದಲ ಒಗಟು ಕೇಳಿದ. "ನಿಂತರೆ ಗುನುಗುತ್ತದೆ, ಓಡಿದರೆ ಗುಡುಗುತ್ತದೆ, ಮೆಲ್ಲಗೆ ಕಾಲಿಟ್ಟರೆ ಮಾತ್ರ ಉಸಿರು ಕಟ್ಟುತ್ತದೆ. ಉಸಿರು ಕಟ್ಟುವುದು ಎಲ್ಲಿ?"

ಮೊದಲು ಬಂದಿದ್ದ ಬಂದರಿನ ಇಂಜಿನಿಯರು ಕಿಡಿ ಹಾರುವ ಪ್ಲಗ್ಗಿನಲ್ಲಿ ಎಂದು ಹೇಳಿ ಸತ್ತಿದ್ದ. ನಾಗೋಜಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ತೋರಿಸಿದ. ನಿಂತಾಗ ಪೆಟ್ರೋಲ್ ಬರುವುದು ಒಂದು ಸಣ್ಣ ದಾರಿಯಿಂದ, ಓಡುವಾಗ ದೊಡ್ಡ ದಾರಿಯಿಂದ. ಇದರಿಂದ ಅದಕ್ಕೆ ದಾಟುವ ಗಳಿಗೆಯಲ್ಲಿ ಕೈಹಿಡಿಯಲು, ಪೆಡಲು ಒತ್ತಿದಂತೆ ತೆರೆಯುವ ಗಾಳಿಬಾಗಿಲ ಪಕ್ಕ ಒಂದು ಪುಟ್ಟ ಕಂಡಿಯಿದೆ. ತೊಡಕು ಅಲ್ಲಿ ಎಂದ. ದೊರೆ ತಲೆಯಾಡಿಸಿ ಎರಡನೆಯದನ್ನು ಕೇಳಿದ.

"ಹಸಿದಿದೆಯೆಂದು ಹೆಚ್ಚಿಗೆ ಬಡಿಸಿದೆವು. ಹೊಗೆ ಬಂತು, ಹಸಿವು ಹೋಗಲಿಲ್ಲ. ಯಾಕೆ?"

ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ತೂತಿನ ಜೆಟ್ ಹಾಕಿಸಿದ ಎರಡನೆಯವನು, ಇನ್ನೂ ದೊಡ್ಡದು ಬೇಕು ಎಂದು ಹೇಳಿ ಸತ್ತಿದ್ದ. ಜೆಟ್ ಇರುವುದು ಓಟದ ದಾರಿಗೆ, ಮೆಲ್ಲಗೆ ಕಾಲಿಟ್ಟಾಗ ಆ ದಾರಿ ಇನ್ನೂ ತೆರೆದೇ ಇರುವುದಿಲ್ಲ ಎಂದು ನಾಗೋಜಿ ಹೇಳಿದ. ಸಂಜೆಯ ಊಟ ಎಷ್ಟು ಹೆಚ್ಚಿಸಿದರೂ ಬೆಳಗಿನ ಹಸಿವು ಹೋಗದಲ್ಲ.

ದೊರೆ ಮೂರನೆಯದನ್ನು ಕೇಳಿದ. "ಕಂಡಿಯಲ್ಲಿ ಕೊಳೆಯಿಲ್ಲ, ಅಡ್ಡಿಯಿಲ್ಲ. ಅದರ ಪಾಲು ಕದ್ದವರು ಯಾರು?"

ಇಂಜಿನ್ ನಿಲ್ಲಿಸಿ ಬಿಚ್ಚಿ ನೋಡಲು ನಾಗೋಜಿ ಅಪ್ಪಣೆ ಕೇಳಿದ. ಕಾರ್ಬ್ಯುರೇಟರನ್ನು ಕಳಚಿ ತಲೆಕೆಳಗು ಮಾಡಿ ಬಿಸಿಲಿಗೆ ಹಿಡಿದ, ಅಪ್ಪ ಹಿಡಿಯುತ್ತಿದ್ದ ಹಾಗೆಯೇ. ಇಂಜಿನ್ ಸುಮ್ಮನಿರುವಾಗ ಕಂಡಿ ಸಾಸಿವೆಯಷ್ಟೇ ಕಾಣಬೇಕು, ಉಳಿದದ್ದು ಬಾಗಿಲ ಹಿಂದೆ ಬಚ್ಚಿಟ್ಟಿರಬೇಕು, ಮೊದಲ ಮೆಲುಹೆಜ್ಜೆಗೆ ಅದೇ ಬುತ್ತಿ ಎಂದು ಅಪ್ಪ ಕಲಿಸಿದ್ದ. ಇಲ್ಲಿ ಅಕ್ಕಿಕಾಳಿನಷ್ಟು ಕಾಣುತ್ತಿತ್ತು. ಬಾಗಿಲನ್ನು ತಳ್ಳಿ ಹಿಡಿದಿದ್ದ ಸ್ಕ್ರೂವಿನ ಪಕ್ಕದಲ್ಲಿ ಎರಡು ಉದ್ದ ಗೀರು, ಒಂದು ಗಿಡ್ಡ ಗೀರು. ಎರಡೂವರೆ ಸುತ್ತು. ಮತ್ತೆ ಹಿಂದಕ್ಕೆ ತಿರುಗಿಸಲು ಗೊತ್ತಾಗಲೆಂದು ಅಪ್ಪ ಹಾಕುತ್ತಿದ್ದ ಗುರುತು.

ಅಪ್ಪನಿಗೆ ಎಲ್ಲ ಗೊತ್ತಿತ್ತು. ಉತ್ತರವನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಗಲ್ಲಿನ ಮೆಟ್ಟಿಲು ಹತ್ತಿದ್ದ.

"ಕದ್ದವರು ನೀವೇ ಬುದ್ಧಿ," ಎಂದ ನಾಗೋಜಿ. "ಇಂಜಿನ್ ಒಂದು ಚೂರು ತೊದಲಿದರೂ ನಿಮಗೆ ಜೀವ ಹೋಗುತ್ತಿತ್ತು. ಡಂಗುರಕ್ಕೂ ಮುಂಚೆ ನಮ್ಮಪ್ಪನನ್ನು ಕರೆಸಿ, ನಿಲ್ಲದ ಹಾಗೆ ಏರಿಸು, ಇನ್ನೂ ಏರಿಸು ಅಂದಿರಿ. ನಮ್ಮಪ್ಪ ಸ್ಕ್ರೂ ಬಿಗಿದ. ಹೊರಡುವುದಕ್ಕೆ ಅಂತ ಇಟ್ಟದ್ದನ್ನೆಲ್ಲ ನಿಂತಲ್ಲೇ ಸುಟ್ಟುಬಿಟ್ಟಿರಿ. ಇನ್ನು ಹೊರಡುವುದು ಯಾವುದರಲ್ಲಿ?"

ಕಾವಲಿನವರು ಮುಂದೆ ಬಂದರು. ದೊರೆ ಕೈಯೆತ್ತಿ ತಡೆದ. ಮಾನಾಚಾರಿ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದ. ಮಗ ಸತ್ತವರಿಗೆ ಇದನ್ನು ಹೇಳಲು ಅವನಿಗೆ ಮನಸ್ಸು ಬಂದಿರಲಿಕ್ಕಿಲ್ಲ ಎಂದ ನಾಗೋಜಿ.

ಕಾರ್ಬ್ಯುರೇಟರ್ ಕೂರಿಸಿ, ಇಂಜಿನ್ ಚಾಲೂ ಮಾಡಿ, ಸ್ಕ್ರೂವನ್ನು ಎರಡೂವರೆ ಸುತ್ತು ಬಿಚ್ಚಿದ. ಗುರುಗುಟ್ಟುವ ಸದ್ದು ತಗ್ಗಿತು. ದೊರೆ ಹತ್ತಿ ಕೂತು ಪೆಡಲಿನ ಮೇಲೆ ಮೆಲ್ಲಗೆ ಕಾಲಿಟ್ಟ. ಕಾರು ಒಂದಿಷ್ಟೂ ಕುಲುಕದೆ ಹೊರಟಿತು. ಅಂದೇ ಮಗನ ವರ್ಷದ ದಿನ. ಕೆರೆ ಏರಿಯ ಮೇಲೆ ನಾಗೋಜಿ ಅದರ ಪಕ್ಕದಲ್ಲೇ ನಡೆದ. ಸಮಾಧಿಯ ಮುಂದೆ ಇಂಜಿನ್ ಎರಡು ಸಲ ತೊದಲಿ ತಾನಾಗಿ ನಿಂತಿತು. ಮತ್ತೆ ಚಾಲೂ ಮಾಡು ಎಂದು ದೊರೆ ಹೇಳಲಿಲ್ಲ. ಸ್ಟೀರಿಂಗಿಗೆ ಹಣೆಯಿಟ್ಟು ಅತ್ತ.

ಏನು ಬೇಕೋ ಕೇಳು ಎಂದಾಗ, ನೀವೇ ನಡೆದು ಬಂದು ನಮ್ಮವ್ವನಿಗೆ ಒಂದು ಮಾತು ಹೇಳಬೇಕು ಎಂದ ನಾಗೋಜಿ. ದೊರೆ ಬರಿಗಾಲಲ್ಲಿ ಊರ ನಡುವೆಯೇ ಬಂದ. ಊರವರು ಬೀದಿಯ ಎರಡೂ ಬದಿ ನಿಂತು ನೋಡಿದರು. ದೊರೆ ನಾಗೋಜಿಯ ಗುಡಿಸಲ ಮುಂದೆ ಕೈಮುಗಿದು, "ತಾಯಿ, ಮಾನಾಚಾರಿಗೆ ಉತ್ತರ ಗೊತ್ತಿತ್ತು. ತಪ್ಪು ನನ್ನದು," ಎಂದ.

ಗಿರಿಯವ್ವ ಅಷ್ಟು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು. "ನನಗೆ ಅವತ್ತೇ ಗೊತ್ತಾಯಿತು ಬುದ್ಧಿ. ಹೊರಡುವಾಗ, ಇದಕ್ಕೆ ಅಲ್ಲಿ ಕೆಲಸವಿಲ್ಲ ಅಂತ ಸ್ಕ್ರೂಡ್ರೈವರನ್ನು ಗೂಟಕ್ಕೆ ನೇತುಹಾಕಿ ಹೋದರು."